ಬೀಗದ ಕೈ ಗೊಂಚಲು

ಕೆಲವು ವರ್ಷಗಳ ಹಿಂದೆ ನಮ್ಮ ಮಹಿಳಾ ಸಂಘದ ಲೆಕ್ಕಪತ್ರವೆಲ್ಲ ಒಂದು ಲಿನಕ್ಸ್ ಕಂಪ್ಯೂಟರಿನಲ್ಲಿತ್ತು. ಅದರಲ್ಲಿ ಸರ್ವಾಧಿಕಾರವುಳ್ಳ ಖಾತೆಗೆ 'ರೂಟ್' ಎಂದು ಹೆಸರು. ಅದರ ಪಾಸ್‌ವರ್ಡ್ ನಾಲ್ವರಿಗೂ ಗೊತ್ತಿತ್ತು. ಒಂದು ಬೆಳಿಗ್ಗೆ ನೋಡಿದರೆ ಎರಡು ವರ್ಷದ ಸಾಲದ ಲೆಕ್ಕವೇ ಇಲ್ಲ. ಅಳಿಸಿದವರು ಯಾರೆಂದು ಹುಡುಕಿದರೆ ಯಂತ್ರ ಹೇಳಿದ್ದು ಒಂದೇ ಹೆಸರು: ರೂಟ್. ಅನುಮಾನ ಹೋಗಿ ಕುಳಿತದ್ದು ನಮ್ಮಲ್ಲೆಲ್ಲ ಕಿರಿಯಳ ಮೇಲೆ. "ನಾನಲ್ಲ ಅಕ್ಕಾ" ಎಂದಳು. ನಾನಾದರೂ ಅವಳ ಪರವಾಗಿ ಒಂದು ಮಾತು ಆಡಬಹುದಿತ್ತು, ಆಡಲಿಲ್ಲ. ಅವಳು ಕೆಲಸ ಬಿಟ್ಟಳು.

ಆಮೇಲೆ ಈ ರೂಟ್‌ನ ಪೂರ್ವೋತ್ತರ ತಿಳಿಯಬೇಕೆಂಬ ಹಟ ಹುಟ್ಟಿತು. ಲಿನಕ್ಸ್ ಹುಟ್ಟಿದ್ದು 1991ರಲ್ಲಾದರೂ ಅದರ ಮನೆತನದ ಪದ್ಧತಿಗಳು ಯೂನಿಕ್ಸ್‌ನವು. ಯೂನಿಕ್ಸನ್ನು 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮೊದಲಾದವರು ಕಟ್ಟತೊಡಗಿದರು. 1971ರ ಅದರ ಮೊದಲ ಕೈಪಿಡಿಯಲ್ಲೇ 'ಸು' ಎಂಬ ಆಜ್ಞೆಯಿದೆ. ಪಾಸ್‌ವರ್ಡ್ ಹೇಳಿದವರನ್ನೆಲ್ಲ ಅದು ಯಜಮಾನರನ್ನಾಗಿ ಮಾಡುತ್ತದೆ. ಅತ್ತೆಯ ಸೊಂಟದ ಗೊಂಚಲಿದ್ದಂತೆ. ಉಗ್ರಾಣದಿಂದ ಸಕ್ಕರೆ ತೆಗೆಯಬೇಕೆಂದರೂ ಇಡೀ ಗೊಂಚಲೇ ಕೈಗೆ ಬರಬೇಕು. ಒಡವೆ ಪೆಟ್ಟಿಗೆಯ ಕೈಯೂ ಅದರಲ್ಲೇ!

1980ರ ಸುಮಾರಿಗೆ ನ್ಯೂಯಾರ್ಕ್ ರಾಜ್ಯದ ಬಫಲೊ ವಿಶ್ವವಿದ್ಯಾನಿಲಯದಲ್ಲಿ ಬಾಬ್ ಕಾಗೆಶಾಲ್, ಕ್ಲಿಫ್ ಸ್ಪೆನ್ಸರ್ ಎಂಬಿಬ್ಬರು 'ಸುಡೊ' ಎಂಬ ಪುಟ್ಟ ಆಜ್ಞೆ ಬರೆದರು. (ಕನ್ನಡದ ಕಿವಿಗೆ 'ಸುಡು' ಎಂದೇ ಕೇಳುತ್ತದೆ, ಏನು ಮಾಡುವುದು!) ಅದು ಬೆಳೆದು ಬಂದ ರೀತಿ ನೋಡಿ. ಇಂದಿನ ಸುಡೊ ಸಾಮಾನ್ಯವಾಗಿ ಕೇಳುವುದು ಯಜಮಾನನ ಪಾಸ್‌ವರ್ಡನ್ನಲ್ಲ, ನಿಮ್ಮದನ್ನೇ. ಯಾರು ಯಾವ ಕೆಲಸ ಮಾಡಬಹುದೆಂದು ಒಂದು ಕಡತದಲ್ಲಿ ಬರೆದಿಡಬಹುದು: ಇವಳಿಗೆ ಉಗ್ರಾಣ, ಅವಳಿಗೆ ದೇವರ ಮನೆ. ಯಾರು, ಯಾವಾಗ, ಯಾವ ಆಜ್ಞೆ ಕೊಟ್ಟರೆಂಬುದೂ ದಾಖಲಾಗುತ್ತದೆ. 2004ರಲ್ಲಿ ಬಂದ ಉಬುಂಟು ಲಿನಕ್ಸ್ ಮೊದಲಿನಿಂದಲೇ ರೂಟ್‌ನ ನೇರ ಪ್ರವೇಶಕ್ಕೆ ಬೀಗ ಹಾಕಿ, ಸುಡೊವನ್ನೇ ಬಾಗಿಲಾಗಿಸಿತು.

ಇದೂ ದೋಷರಹಿತವೇನಲ್ಲ. 2011ರಲ್ಲಿ ನುಸುಳಿದ ಒಂದು ತಪ್ಪಿನಿಂದ ಆ ಕಂಪ್ಯೂಟರಿನಲ್ಲಿ ಖಾತೆಯಿದ್ದ ಯಾರು ಬೇಕಾದರೂ ಯಜಮಾನರಾಗಬಹುದಿತ್ತು. ಅದು ಬಯಲಾದದ್ದು 2021ರ ಜನವರಿಯಲ್ಲಿ, ಹತ್ತಿರ ಹತ್ತಿರ ಹತ್ತು ವರ್ಷದ ಮೇಲೆ. ಬೀಗ ಎಷ್ಟೇ ಗಟ್ಟಿಯಿದ್ದರೂ ಆಗಾಗ ಪರೀಕ್ಷಿಸುತ್ತಿರಬೇಕು. ಅಲ್ಲದೆ ಸುಡೊದಲ್ಲಿ ಎಲ್ಲ ಅಧಿಕಾರವನ್ನೂ ಒಬ್ಬರಿಗೇ ಕೊಟ್ಟರೆ ಅವರು ದಾಖಲೆಯನ್ನೂ ಅಳಿಸಬಲ್ಲರು.

ನಮ್ಮ ಸಂಘದಲ್ಲಿ ಈಗ ಪ್ರತಿಯೊಬ್ಬರಿಗೂ ಬೇರೆ ಖಾತೆ. ನನಗಿರುವುದು ಮುದ್ರಣಯಂತ್ರ ಸರಿಪಡಿಸುವ ಅಪ್ಪಣೆ ಮಾತ್ರ. ವ್ಯವಸ್ಥೆಯಾದ ವಾರ ಆ ಹುಡುಗಿಯ ಮನೆಗೆ ಹೋದೆ. ಕಾಫಿ ಕೊಟ್ಟಳು. ಲೆಕ್ಕ ಅಳಿಸಿದವರು ಯಾರೆಂದು ಗೊತ್ತಾಯಿತೇ ಎಂದು ಕೇಳಿದಳು. ಇಲ್ಲ ಎಂದೆ.