ತೊಟ್ಟಿಕ್ಕುವ ಹಂಡೆಯ ಚರಿತ್ರೆ

ಯಲಹಂಕ ಉಪನಗರದಲ್ಲಿರುವ ನಮ್ಮ ಮನೆಯ ಬಚ್ಚಲಿನ ಗೋಡೆಯ ಮೇಲೆ ಹಲವು ವರ್ಷ ನಿರ್ವಿಘ್ನವಾಗಿ ನೀರು ಕಾಯಿಸಿಕೊಟ್ಟ ಗೀಸರು ಕಳೆದ ಮಾಘಮಾಸದಲ್ಲಿ ತೊಟ್ಟಿಕ್ಕಲಾರಂಭಿಸಿದಾಗ, ಅದನ್ನು ಪರೀಕ್ಷಿಸಲು ಬಂದ ತರುಣನು ಮೊದಲು ಮಾಡಿದ್ದು ಸ್ವಿಚ್ಚನ್ನು ಆರಿಸಿ, ಒಣಬಟ್ಟೆಯಿಂದ ಅದರ ಮೈಯನ್ನೆಲ್ಲ ಒರೆಸಿ, ಕೈಕಟ್ಟಿ ನಿಂತುಬಿಟ್ಟದ್ದು. ನನ್ನ ಅಸಹನೆಯನ್ನು ಕಂಡು, “ಹನಿ ಎಲ್ಲಿ ಹುಟ್ಟುತ್ತೆ ಅಂತ ಗೊತ್ತಾಗೋವರೆಗೂ ಕೈ ಹಾಕಬಾರದು ಸಾರ್” ಎಂದನು. ಋಷಿಮೂಲವನ್ನೂ ನದೀಮೂಲವನ್ನೂ ಕೆದಕಬಾರದೆಂಬ ಹಿರಿಯರ ಮಾತನ್ನು ಕೇಳಿ ಬೆಳೆದ ನನಗೆ ಈ ಉಪದೇಶ ಹೊಸದು.

ಇಪ್ಪತ್ತೈದು ಲೀಟರು ತಣ್ಣೀರು ಕಾದು ಬಿಸಿಯಾಗುವಷ್ಟರಲ್ಲಿ ಅರ್ಧ ಲೀಟರಿಗೆ ತುಸು ಕಡಿಮೆಯಷ್ಟು ಹಿಗ್ಗುವುದರಿಂದ, ಆ ಹೆಚ್ಚುವರಿಯನ್ನು ಹೊರಗೆ ಬಿಡುವ ಸೇಫ್ಟಿ ವಾಲ್ವಿನಿಂದ ಕಾಯುವ ಹೊತ್ತಿನಲ್ಲಿ ನಾಲ್ಕು ಹನಿ ಉದುರಿದರೆ ಅದು ರೋಗವಲ್ಲ, ಉಸಿರಾಟ. ಪೈಪು ಸೇರುವ ಕಡೆಯಲ್ಲಾದರೆ ಬಿಳಿಯ ಟೇಪು ಸುತ್ತಿ ಬಿಗಿದರೆ ಸಾಕು. ಕಾಯಿಲ್ ಕೂರಿಸಿದ ತಟ್ಟೆಯ ರಬ್ಬರು ಗಡುಸಾಗಿದ್ದರೆ ಅದನ್ನು ಬದಲಿಸಬೇಕು. ಇವಾವುವೂ ಅಲ್ಲದೆ ಒಳಗಿನ ಟ್ಯಾಂಕೇ ತೂತಾಗಿದ್ದರೆ ಮಾತ್ರ ಉಪಾಯವಿಲ್ಲ. ನಮ್ಮದು ಕೊನೆಯ ಜಾತಿಯದೆಂದು ಅವನು ತೀರ್ಪಿತ್ತನು. ತೂತಾದದ್ದನ್ನು ಮುಚ್ಚಲಾಗದೆಂಬ ಈ ಮಾತು ನಮ್ಮ ಅಜ್ಜಿಯ ಕಾಲದಲ್ಲಿ ಯಾರ ಕಿವಿಗೂ ಬಿದ್ದಿರಲಾರದು.

ಯಲಹಂಕ, ಹೆಬ್ಬಾಳ, ಜಕ್ಕೂರುಗಳು ಊರುಗಳಾಗಿಯೇ ಇದ್ದ ದಿನಗಳಲ್ಲಿ ಅನುಕೂಲಸ್ಥರ ಮನೆಯ ಬಚ್ಚಲೆಂದರೆ ನೀರೊಲೆ, ನೀರೊಲೆಯೆಂದರೆ ಅದರ ಮಣ್ಣಿನಲ್ಲಿ ಹುದುಗಿ ಕುಳಿತ ತಾಮ್ರದ ಹಂಡೆ. ತೆಂಗಿನ ಗರಿ, ಮಟ್ಟೆ, ಮುರಿದ ಬೇಲಿಯ ಕಡ್ಡಿ, ಅಡುಗೆಗೆ ಒದಗದ ಸೌದೆ ಇವೆಲ್ಲಕ್ಕೂ ಅಲ್ಲಿ ಸದ್ಗತಿ. ಬಡವರಿಗೆ ಮಣ್ಣಿನ ಗುಡಾಣವೇ ಹಂಡೆ. ದೀಪಾವಳಿಯ ತ್ರಯೋದಶಿಯ ಸಂಜೆ, ನೀರು ತುಂಬುವ ಹಬ್ಬವೆಂದು ಹೆಸರಾದ ಆ ಹೊತ್ತಿನಲ್ಲಿ, ವರ್ಷವೆಲ್ಲ ಮಸಿ ಮೆತ್ತಿಕೊಂಡಿದ್ದ ಹಂಡೆಯನ್ನು ಹುಣಸೆಹಣ್ಣಿನಿಂದಲೂ ಬೂದಿಯಿಂದಲೂ ತಿಕ್ಕಿ, ಸುಣ್ಣ ಕೆಮ್ಮಣ್ಣುಗಳ ಪಟ್ಟೆ ಬರೆದು, ಕಂಠಕ್ಕೆ ಹಾಗಲಬಳ್ಳಿ ಸುತ್ತಿ, ಬಾವಿಯಿಂದ ಸೇದಿದ ನೀರನ್ನು ಗಂಗೆಯೆಂದು ಪೂಜಿಸಿ ತುಂಬಿಸಿದರೆ, ಮರುದಿನದ ಬೆಳಗಿನ ಜಾವಕ್ಕೆ ಅಭ್ಯಂಜನದ ನೀರು ಸಿದ್ಧ. ಹಬ್ಬದ ಈ ತಿಕ್ಕಾಟವೇ ಹಂಡೆಯ ವಾರ್ಷಿಕ ತಪಾಸಣೆಯೂ ಆಗಿತ್ತೆಂದು ನನಗೆ ತೋರುತ್ತದೆ. ಏಕೆಂದರೆ ಮಸಿ ಹೋದಲ್ಲದೆ ತಳದ ಸವೆತ ಕಣ್ಣಿಗೆ ಬೀಳುವುದಿಲ್ಲ.

ಹಾಗೆ ಬೀಳದೆಹೋದರೂ ಹಂಡೆ ತನ್ನ ದೋಷವನ್ನು ತಾನೇ ಸಾರುತ್ತಿತ್ತು. ಉರಿಯ ನಾಲಗೆ ಬಹುಕಾಲ ಒಂದೇ ಎಡೆಗೆ ತಾಗಿ ತಾಮ್ರ ತೆಳುವಾದ ಮೇಲೆ ಒಂದು ಬೆಳಗ್ಗೆ ಒಲೆಯೊಳಗಿಂದ ಚುಂಯ್ ಎಂಬ ಸದ್ದು. ಬಳಿಕ ಕಣ್ಣುರಿಸುವ ಹೊಗೆ. ಬಳಿಕ ಮನೆಯವರ ಗೊಣಗಾಟ. ಆಗ ಹಂಡೆಯನ್ನು ಕಿತ್ತು ಕಂಚುಗಾರನ ಬಳಿಗೆ ಹೊರಿಸುವುದು ಪದ್ಧತಿ. ಅವನು ತೂತಿನ ಸುತ್ತಣ ಮಸಿಯನ್ನು ಕೆರೆದು, ತಾಮ್ರದ ತೇಪೆಯೊಂದನ್ನು ಬಡಿದು ಕೂರಿಸಿ, ಹಿತ್ತಾಳೆಯ ಪುಡಿಯನ್ನು ಬಿಳಿಗಾರದೊಡನೆ ಕಾಯಿಸಿ ಹರಿಸಿ, ಸಂದನ್ನು ಬೆಸೆದು ಕೊಡುತ್ತಿದ್ದನು. ಇವನನ್ನು ಕಲಾಯಿಯವನೊಡನೆ ಬೆರೆಸಬಾರದು. ಕಲಾಯಿಯವನು ತಿದಿಯನ್ನು ಹೊತ್ತು ಬೀದಿಬೀದಿ ಅಲೆಯುತ್ತ, ಕಾದ ಪಾತ್ರೆಗೆ ನವಸಾಗರವನ್ನು ಎರಚಿ, ಕೇವಲ 232 ಡಿಗ್ರಿಗೆ ಕರಗುವ ತವರವನ್ನು ಹತ್ತಿಯಿಂದ ಸವರಿ, ಅಡುಗೆಯ ಪಾತ್ರೆಯ ಒಳಮೈಯನ್ನು ಬೆಳಗಿಸುವವನು. ಮೀಯುವ ನೀರಿನ ಹಂಡೆಗೆ ಅವನ ಅಗತ್ಯವಿರಲಿಲ್ಲ.

ಹಂಡೆಯ ತರುವಾಯ ಪಟ್ಟಣದ ರೀತಿಯೆಂದು ಬಂದದ್ದು ತಾಮ್ರದ ಬಾಯ್ಲರು. ನಡುವೆ ಇದ್ದಿಲು ಉರಿಯುವ ಕೊಳವೆ, ಅದರ ಸುತ್ತ ನೀರು, ಕೆಳಗೊಂದು ಹಿತ್ತಾಳೆಯ ನಲ್ಲಿ. ನೀರು ತುಂಬಲು ಮರೆತು ಕೆಂಡ ಹಾಕಿದರೆ ಬೆಸುಗೆಯೇ ಕರಗಿ, ಆಮೇಲೆ ಹೊಯ್ದ ನೀರೆಲ್ಲ ಒಳಗೊಳವೆಗೆ ಇಳಿದು ಕೆಂಡವನ್ನು ಆರಿಸುತ್ತಿತ್ತು. ಮನೆಮಂದಿಯ ಮರೆವಿಗೆ ಇಷ್ಟು ಶೀಘ್ರವಾಗಿ ಶಿಕ್ಷೆ ವಿಧಿಸುತ್ತಿದ್ದ ಯಂತ್ರವನ್ನು ನಾನು ಬೇರೆ ಕಂಡಿಲ್ಲ.

ಇನ್ನು ನೀರಿನ ಮಾತು. 1894ರಲ್ಲಿ, ದಿವಾನ್ ಶೇಷಾದ್ರಿ ಅಯ್ಯರ್ ಅವರ ಆಡಳಿತದಲ್ಲಿ, ಅರ್ಕಾವತಿಗೆ ಅಡ್ಡಲಾದ ಹೆಸರಘಟ್ಟದ ಕೆರೆಯಿಂದ ಬೆಂಗಳೂರಿಗೆ ನೀರು ತರುವ ಕಾರ್ಯ ನೆರವೇರಿ, ಇಟ್ಟಿಗೆಯ ಕಾಲುವೆಯಲ್ಲಿ ಸೋಲದೇವನಹಳ್ಳಿಗೆ ತಾನಾಗಿ ಹರಿದ ನೀರನ್ನು ಅಲ್ಲಿಂದ ಯಂತ್ರದ ಬಲದಿಂದ ಮೇಲೆತ್ತಿ ನಗರದ ಕಡೆಗೆ ಬಿಟ್ಟರು. ಉತ್ತರದ ಹಳ್ಳಿಗಳ ಮಗ್ಗುಲಿನಲ್ಲೇ ಈ ನೀರು ಸಾಗಿಹೋದರೂ ಅವುಗಳ ಹಂಡೆಗೆ ತಮ್ಮ ತಮ್ಮ ಕೆರೆಬಾವಿಗಳೇ ಗತಿ. 1905ರಲ್ಲಿ ಶಿವನಸಮುದ್ರದ ವಿದ್ಯುತ್ತು ಬಂದದ್ದೂ ನಗರದ ಬೀದಿದೀಪಕ್ಕೇ ಹೊರತು ಬಚ್ಚಲಿಗಲ್ಲ. ಗೀಸರೆಂಬ ಹೆಸರಾದರೋ ಐಸ್‌ಲೆಂಡಿನ ಬಿಸಿನೀರ ಬುಗ್ಗೆಯೊಂದರದು. 1868ರಲ್ಲಿ ಲಂಡನ್ನಿನ ಬೆಂಜಮಿನ್ ವಾಡಿ ಮಾಗನ್ ಎಂಬ ಬಣ್ಣಗಾರನು ತಾನು ಕಲ್ಪಿಸಿದ ಗ್ಯಾಸಿನ ಒಲೆಗೆ ಅದನ್ನಿಟ್ಟನು. ಹೊಗೆ ಹೊರಹೋಗುವ ದಾರಿಯನ್ನೇ ಅವನು ಇಟ್ಟಿರಲಿಲ್ಲ. ನೀರೊಲೆಯ ಹೊಗೆಗೆ ಹೆಂಚಿನ ಸಂದಾದರೂ ಇದ್ದ ನಮ್ಮ ಬಚ್ಚಲೇ ಆ ಮಟ್ಟಿಗೆ ಮೇಲು.

ಜಾಲಹಳ್ಳಿಯಲ್ಲಿ 1953ರಲ್ಲಿ ಎಚ್.ಎಂ.ಟಿ., ಮರುವರ್ಷ ಬಿ.ಇ.ಎಲ್. ನೆಲೆಗೊಂಡು, ಯಶವಂತಪುರದಿಂದಾಚೆ ಹೊಲಗಳು ಬಡಾವಣೆಗಳಾಗಿ, ಕವಿ ರವೀಂದ್ರನಾಥ ಠಾಗೋರರ ಹೆಸರು ಆರ್.ಟಿ. ನಗರವೆಂಬ ಎರಡಕ್ಷರಕ್ಕೆ ಕುಗ್ಗುವ ಹೊತ್ತಿಗೆ, ಮೊದಲು ಬಕೆಟ್ಟಿಗೆ ಇಳಿಬಿಡುವ ಕಾಯಿಲ್, ಅನಂತರ ಗೋಡೆಯ ಗೀಸರು ಮನೆಗಳನ್ನು ಹೊಕ್ಕವು. ನೀರೂ ಬದಲಾಯಿತು. ಕೆರೆಯಲ್ಲಿ ನಿಂತದ್ದು ಮಳೆಯ ನೀರು, ಮೃದು. ಕೊಳವೆಬಾವಿಯದು ಬಂಡೆಯ ಬಿರುಕಿನಲ್ಲಿ ಬಹುಕಾಲ ವಾಸಿಸಿ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಕರಗಿಸಿಕೊಂಡು ಬರುವ ಗಡಸು ನೀರು. ಕಾದೊಡನೆ ಅದು ತನ್ನ ಸುಣ್ಣವನ್ನು ಕೆಳಗಿಳಿಸುತ್ತದೆ. ಕಾಯಿಲಿಗೆ ಹತ್ತಿದ ಬಿಳಿಯ ಹೆಕ್ಕಳೆಯನ್ನು ಯಾರಾದರೂ ಕಂಡು ಕೆರೆದಾರು. ಗೀಸರಿನ ಹೊಟ್ಟೆಯೊಳಗೆ ಕೂತದ್ದನ್ನು ಕಾಣುವವರಾರು? ಟ್ಯಾಂಕಿನ ಉಕ್ಕು ತುಕ್ಕು ಹಿಡಿಯದಿರಲೆಂದು ಒಳಗೊಂದು ಮೆಗ್ನೀಸಿಯಂ ಸರಳನ್ನು ಇಟ್ಟಿರುತ್ತಾರೆ. ಉಕ್ಕಿಗೆ ಬದಲಾಗಿ ಅದು ಸವೆಯುತ್ತ ತನ್ನನ್ನು ತಾನೇ ಬಲಿಕೊಡುತ್ತದೆ. ಆ ಸರಳು ಮುಗಿದ ಮೇಲೆ ಉಕ್ಕಿನ ಸರದಿ. ಅದನ್ನು ಆಗಾಗ ಬದಲಿಸಬೇಕೆಂಬುದು ನನಗೆ ತಿಳಿದದ್ದು ಹನಿ ಬಿದ್ದ ಮೇಲೆಯೇ.

2007ರ ಅನಂತರ ಸರಕಾರದ ನಿಯಮದಿಂದ ಹೊಸ ಮನೆಗಳ ಮಾಳಿಗೆಗೆ ಸೋಲಾರ್ ಏರಿತು, ಬಿಲ್ಲಿನಲ್ಲಿ ಯೂನಿಟ್ಟಿಗೆ 50 ಪೈಸೆಯ ರಿಯಾಯಿತಿಯೂ ದೊರೆಯಿತು. ಅದೇ ನೀರನ್ನು ಕುಡಿದ ಅದರ ಕೊಳವೆಗಳಿಗೂ ಅದೇ ಸುಣ್ಣ.

ಹಳೆಯ ಗೀಸರನ್ನು ಇಳಿಸಿದ ದಿನವೇ ಗುಜರಿಯವನನ್ನು ಕರೆದೆ. ಒಂದು ಕಾಲದಲ್ಲಿ ನಮ್ಮ ತಂದೆ ಅಜ್ಜಿಯ ಹಂಡೆಯನ್ನು, ಅದರ ಎರಡು ತೇಪೆಗಳ ಸಮೇತ, ತಾಮ್ರದ ತೂಕಕ್ಕೆ ಮಾರಿದ್ದರು; ಕೊಂಡವನು ತೇಪೆಗಳನ್ನೂ ತಾಮ್ರವೆಂದೇ ಎಣಿಸಿದ್ದನು. ಇವನು ಟ್ಯಾಂಕನ್ನು ತಕ್ಕಡಿಗಿಡುವ ಮೊದಲು ಬೆರಳ ಗಣ್ಣಿನಿಂದ ತಟ್ಟಿ, ಬಂದ ಮೊದ್ದು ಸದ್ದನ್ನು ಕೇಳಿ, “ಒಳಗೆಲ್ಲಾ ಸುಣ್ಣ ಐತೆ ಸಾಮಿ” ಎಂದು ಎರಡು ಕೆ.ಜಿ. ಕಳೆದು ದುಡ್ಡು ಕೊಟ್ಟನು.