ಗ್ರಾಮೀಣ ಮನೆ ಕಟ್ಟಡ ಪರವಾನಗಿ: ವಿಜಯಪುರ ಜಿಲ್ಲೆ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಭಾಗದ ಹಳ್ಳಿಗಳಲ್ಲಿ ಮನೆ ಕಟ್ಟಲು 1993ರ ಪಂಚಾಯತ್ ರಾಜ್ ಕಾಯ್ದೆಯಂತೆ ಗ್ರಾಮ ಪಂಚಾಯತಿಯ ಅನುಮತಿ ಬೇಕು. ಪರವಾನಗಿಗಿಂತ ಮೊದಲಿನ ತೊಡಕು ಜಾಗದ್ದು. ಗಾವಠಾಣದೊಳಗಿನ (ಊರ ವಸತಿ ಜಾಗದ) ಹಳೆಯ ಮಾಳಿಗೆ ಮನೆಗಳು ಅಣ್ಣತಮ್ಮಂದಿರಲ್ಲಿ ಪಾಲಾಗಿ ಇಕ್ಕಟ್ಟಾಗಿವೆ. ಊರ ಹೊರಗಿನ ಹೊಲದಲ್ಲಿ ಕಟ್ಟಬೇಕೆಂದರೆ 1964ರ ಭೂಕಂದಾಯ ಕಾಯ್ದೆಯ 95ನೇ ಕಲಮಿನಡಿ ಜಿಲ್ಲಾಧಿಕಾರಿಯಿಂದ ಬಿನ್‌ಶೇತ್ಕಿ (ಕೃಷಿಯೇತರ ಬಳಕೆಯ) ಆದೇಶ ಪಡೆಯಬೇಕು. ಎಕರೆಗಟ್ಟಲೆ ಜಮೀನಿದ್ದವರಿಗೆ ಇದು ಬರೀ ಓಡಾಟ. ಕೂಲಿಯವರಿಗೆ ದಾಟಲಾಗದ ಗೋಡೆ. ಸರ್ಕಾರಿ ಜಾಗದಲ್ಲಿ ಮೊದಲೇ ಮನೆ ಕಟ್ಟಿಕೊಂಡವರಿಗೆ ಅದೇ ಕಾಯ್ದೆಯ 94ಸಿ ಕಲಮು ಸಕ್ರಮದ ದಾರಿ ತೆರೆಯಿತು.

ದಾಖಲೆಯೇ ಇಲ್ಲದ ಲಂಬಾಣಿ ತಾಂಡಾಗಳದ್ದು ಇನ್ನೂ ಕಠಿಣ ಸ್ಥಿತಿಯಾಗಿತ್ತು. ತಲೆಮಾರುಗಳಿಂದ ಬಾಳಿದ ಮನೆಗೂ ಉತಾರ (ಹಕ್ಕಿನ ದಾಖಲೆ) ಇರಲಿಲ್ಲ. 2017ರ ಕಾನೂನು ತಿದ್ದುಪಡಿ ಇಂಥ ವಸತಿಗಳನ್ನು ಕಂದಾಯ ಗ್ರಾಮಗಳಾಗಿಸಲು ಅವಕಾಶ ಕೊಟ್ಟಿತು. 2023ರ ಜನವರಿ 19ರಂದು ಸೇಡಂ ತಾಲ್ಲೂಕಿನ ಮಳಖೇಡದಲ್ಲಿ ವಿಜಯಪುರವೂ ಸೇರಿ ಐದು ಜಿಲ್ಲೆಗಳ ಕುಟುಂಬಗಳಿಗೆ ಹಕ್ಕುಪತ್ರ ವಿತರಿಸಲಾಯಿತು. ತಡವಾದರೂ ಇದು ಈ ಕ್ಷೇತ್ರದ ಅತಿ ದೊಡ್ಡ ನ್ಯಾಯ.

ನೆರವಿನ ಮನೆಗಳ ಹೊಣೆ 2000ದಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮದ್ದು. ಬಸವ ವಸತಿ ಯೋಜನೆಯ ಫಲಾನುಭವಿಗಳನ್ನು ಗ್ರಾಮಸಭೆ ಆರಿಸುತ್ತದೆ. 2016ರ ಪ್ರಧಾನಮಂತ್ರಿ ಆವಾಸ್ (ಗ್ರಾಮೀಣ) ಯೋಜನೆ ಕನಿಷ್ಠ 25 ಚದರ ಮೀಟರ್ ಮನೆಗೆ ಬಯಲುಸೀಮೆಯಲ್ಲಿ 1.20 ಲಕ್ಷ ರೂಪಾಯಿ ನಿಗದಿ ಮಾಡಿತು. ಬಸವ ವಸತಿ ಯೋಜನೆಯಲ್ಲಿ ಬುನಾದಿ, ಗೋಡೆ, ಛಾವಣಿ ಎಂದು ಹಂತ ಹಂತವಾಗಿ ಫೋಟೊ ತೆಗೆದು ಅಪ್‌ಲೋಡ್ ಮಾಡಿದ ಮೇಲೆಯೇ ಕಂತು ಜಮೆಯಾಗುತ್ತದೆ. ಹೀಗಾಗಿ ಬುನಾದಿ ಹಾಕಲು ಮನೆಯವರು ಮೊದಲು ಕೈಸಾಲ ಮಾಡಬೇಕಾಗುತ್ತದೆ. ದುಡಿಯಲು ಮಹಾರಾಷ್ಟ್ರ, ಗೋವಾಕ್ಕೆ ಗುಳೆ ಹೋಗುವ ಕುಟುಂಬಗಳಿಗೆ ಈ ಹಂತಗಳ ಗಡುವು ಹೊಂದುವುದು ಕಷ್ಟ.