ಜಮಖಂಡಿಗೆ ಬಾರದ ಉಗಿಬಂಡಿ

ಕೃಷ್ಣೆಯ ದಂಡೆಗೆ ಸಮೀಪದ ಜಮಖಂಡಿ, ಘಟಪ್ರಭೆಯ ಮುಧೋಳ, ಎರೆನೆಲದ ನಡುವಿನ ಬೀಳಗಿ, ಮಗ್ಗಗಳ ರಬಕವಿ-ಬನಹಟ್ಟಿ: ಈ ಯಾವ ಊರಿಗೂ ಉಗಿ ಎಂಜಿನ್ ಬರಲಿಲ್ಲ. ಆದರೂ ಇಲ್ಲಿಯ ಹತ್ತಿ, ಬೆಲ್ಲ, ಸೀರೆಗಳ ವ್ಯಾಪಾರಕ್ಕೆ ಉಗಿಬಂಡಿಯೇ ಕಸುವಾಗಿತ್ತು. ಪೂರ್ವಕ್ಕೆ ಬಾಗಲಕೋಟೆ, ಪಶ್ಚಿಮಕ್ಕೆ ಕುಡಚಿ. ಚಕ್ಕಡಿಗಳು ಹೊರಟದ್ದು ಈ ಎರಡು ಸ್ಟೇಷನ್ನುಗಳ ಕಡೆಗೆ.

ಹಳಿ ಬಂದದ್ದು ಬರದ ಬೆನ್ನಿಗೆ. 1876–78ರ ಕ್ಷಾಮದಲ್ಲಿ ದಖ್ಖನ್ನಿನ ಈ ಭಾಗದ ಹಳ್ಳಿಗಳಿಗೆ ಧಾನ್ಯ ಸಾಗಿಸಲು ರೈಲುದಾರಿ ಇರಲಿಲ್ಲ. ಆ ಸಾವುನೋವು ಕಂಡ ಮೇಲೆ ಸರಕಾರ ಬರನಿವಾರಣೆಯ ರೈಲುಮಾರ್ಗಗಳಿಗೆ ಕೈಹಾಕಿತು. 1882ರಲ್ಲಿ ಹುಟ್ಟಿದ ಸದರ್ನ್ ಮರಾಠಾ ರೈಲ್ವೆ ಕಂಪನಿ ಹೊಟಗಿಯಿಂದ ವಿಜಯಪುರ, ಬಾಗಲಕೋಟೆ ಹಾದು ಗದಗ ಮುಟ್ಟುವ ಮೀಟರ್ ಗೇಜ್ ಮಾರ್ಗವನ್ನು 1884ರ ಹೊತ್ತಿಗೆ ತೆರೆಯಿತು. ಹಳಿ ಕಲಾದಗಿಯನ್ನು ಬಿಟ್ಟು ಹೋಯಿತು. ಅದುವರೆಗೆ ಜಿಲ್ಲಾ ಕೇಂದ್ರವಾಗಿದ್ದ ಕಲಾದಗಿ, 1885ರಲ್ಲಿ ಆ ಪಟ್ಟವನ್ನು ವಿಜಯಪುರಕ್ಕೆ ಬಿಟ್ಟುಕೊಟ್ಟಿತು. ಅದೇ ದಶಕದ ಕೊನೆಗೆ ಬೆಳಗಾವಿ–ಮೀರಜ ಮಾರ್ಗ ಕೃಷ್ಣೆಯನ್ನು ದಾಟಿತು, ಕುಡಚಿಗೆ ಸ್ಟೇಷನ್ ಸಿಕ್ಕಿತು.

ಎರಡು ಮಾರ್ಗಗಳ ನಡುವೆ ಉಳಿದ ನಾಡು ನಾಲ್ಕು ಆಳಿಕೆಗಳಲ್ಲಿ ಹರಿದು ಹಂಚಿಹೋಗಿತ್ತು. ಜಮಖಂಡಿಯಲ್ಲಿ ಪಟವರ್ಧನರು, ಮುಧೋಳದಲ್ಲಿ ಘೋರ್ಪಡೆಯವರು. ರಬಕವಿ ಸಾಂಗಲಿ ಸಂಸ್ಥಾನದ್ದು. ಬೀಳಗಿ ಬ್ರಿಟಿಷ್ ವಿಜಯಪುರ ಜಿಲ್ಲೆಯಲ್ಲಿ. ಕೊಲ್ಹಾಪುರ ಸಂಸ್ಥಾನ 1891ರಲ್ಲಿ ಮೀರಜದಿಂದ ತನ್ನ ರಾಜಧಾನಿಗೆ ರೈಲು ತಂದುಕೊಂಡಿತು. 1907ರಲ್ಲಿ ಸಾಂಗಲಿಯೂ ಪುಟ್ಟ ಕವಲೊಂದನ್ನು ಹಾಕಿಸಿಕೊಂಡಿತು. ಜಮಖಂಡಿ, ಮುಧೋಳಗಳು 1948ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರುವವರೆಗೂ ಹಳಿ ಕಾಣಲಿಲ್ಲ.

ಆ ಕಾಲದ ಎಂಜಿನ್ನುಗಳ ತವರು ಬಹುಪಾಲು ಬ್ರಿಟನ್ನಿನ ಕೈಗಾರಿಕಾ ಪಟ್ಟಣಗಳು: ಗ್ಲಾಸ್ಗೋ, ಲೀಡ್ಸ್, ಸ್ಟಾಫರ್ಡ್. ಬಿಡಿಭಾಗಗಳಾಗಿ ಹಡಗೇರಿ ಬಂದವನ್ನು ಇಲ್ಲಿಯ ಕಾರ್ಖಾನೆಗಳಲ್ಲಿ ಜೋಡಿಸಿ ಹಳಿಗಿಳಿಸುತ್ತಿದ್ದರು. 1885ರಲ್ಲಿ ಶುರುವಾದ ಹುಬ್ಬಳ್ಳಿ ವರ್ಕ್‌ಶಾಪ್ ಈ ಭಾಗದ ಎಂಜಿನ್ನುಗಳ ಆಸ್ಪತ್ರೆಯಾಯಿತು. ಬಾಯ್ಲರ್ ಬಿಚ್ಚುವುದು, ಸೋರುವ ಕೊಳವೆ ಬದಲಿಸುವುದು, ಸವೆದ ಗಾಲಿ ಕಡೆಯುವುದು: ವಿಲಾಯತಿಯ ಯಂತ್ರ ದಶಕಗಟ್ಟಲೆ ಓಡಿದ್ದು ಇಲ್ಲಿಯ ಕಮ್ಮಾರ, ಫಿಟ್ಟರ್‌ಗಳ ಕೈಗುಣದಿಂದ.

ಮೀರಜದ ಸಂತೆ-ಪೇಟೆಗೆ ಹೋದ ಕನ್ನಡಿಗರು ಇನ್ನೊಂದು ಬಗೆಯ ರೈಲನ್ನೂ ಕಂಡರು. ಎವರಾರ್ಡ್ ಕ್ಯಾಲ್‌ಥ್ರಾಪ್ ಎಂಬ ಇಂಜಿನಿಯರ್ 1897ರಲ್ಲಿ ಕಟ್ಟಿದ ಎರಡೂವರೆ ಅಡಿ ಅಗಲದ ಬಾರ್ಶಿ ಲೈಟ್ ರೈಲ್ವೆ, 1927ರಲ್ಲಿ ಮೀರಜಕ್ಕೆ ತಲುಪಿತು. ಅದರ ಮೊದಲ ಎಂಜಿನ್ನುಗಳು ಲೀಡ್ಸ್‌ನ ಕಿಟ್ಸನ್ ಕಂಪನಿಯವು. ಬಾರ್ಶಿಯಲ್ಲಿ ಗೆದ್ದ ಈ ವಿನ್ಯಾಸವನ್ನು ಕ್ಯಾಲ್‌ಥ್ರಾಪ್ ಇಂಗ್ಲೆಂಡಿನ ಸ್ಟಾಫರ್ಡ್‌ಶೈರ್‌ಗೂ ಒಯ್ದರು. ಅಲ್ಲಿ 1904ರಲ್ಲಿ ತೆರೆದ ಲೀಕ್ ಅಂಡ್ ಮ್ಯಾನಿಫೋಲ್ಡ್ ಮಾರ್ಗ 1934ರಲ್ಲಿ ಮುಚ್ಚಿತು, ಅದರ ಎರಡು ಎಂಜಿನ್ನುಗಳೂ ಗುಜರಿಗೆ ಹೋದವು. ನಮ್ಮ ಕಡೆಯ ಬಾರ್ಶಿ ಗಾಡಿ ಅದರ ನಂತರವೂ ಎಷ್ಟೋ ದಶಕ ಪಂಢರಪುರದ ವಾರಕರಿಗಳನ್ನು ಹೊತ್ತಿತು.

ಇಂಥ ಉದಾಹರಣೆಗಳಿಂದಾಗಿಯೇ ಬ್ರಿಟನ್ನಿನ ಹಳೆಯ ಯಂತ್ರಗಳನ್ನು ಹುಡುಕುವವರು ಭಾರತದ ಕಡೆ ತಿರುಗುತ್ತಾರೆ. ತಯಾರಿಸಿದ ಕಂಪನಿಗಳೇ ಈಗಿಲ್ಲ. ಕಿಟ್ಸನ್ 1938ರಲ್ಲಿ, ಗ್ಲಾಸ್ಗೋದ ನಾರ್ತ್ ಬ್ರಿಟಿಷ್ 1962ರಲ್ಲಿ ಬಾಗಿಲು ಹಾಕಿದವು. ಕಿಟ್ಸನ್ನರ ಹಿಂದಿನ ಪಾಲುದಾರಿಕೆಯ ಕಾರ್ಖಾನೆ 1855ರಲ್ಲಿ ಕಟ್ಟಿದ ‘ಫೇರಿ ಕ್ವೀನ್’ ಎಂಜಿನ್ ಮಾತ್ರ 1909ರಲ್ಲಿ ನಿವೃತ್ತಿಯಾಗಿ, ಮೊದಲು ಹೌರಾದಲ್ಲಿ, ಆಮೇಲೆ ಚಂದೌಸಿಯ ರೈಲ್ವೆ ತರಬೇತಿ ಶಾಲೆಯಲ್ಲಿ ನಿಂತು, 1997ರಲ್ಲಿ ಮತ್ತೆ ಓಡಿತು. ಅದಕ್ಕೆ ಜೀವ ಕೊಟ್ಟದ್ದು ಚೆನ್ನೈನ ಪೆರಂಬೂರು ಕಾರ್ಖಾನೆ. 1908ರಲ್ಲಿ ಸದರ್ನ್ ಮರಾಠಾ ಮತ್ತು ಮದ್ರಾಸ್ ರೈಲ್ವೆಗಳು ಒಂದಾದಾಗ ಹುಬ್ಬಳ್ಳಿ, ಪೆರಂಬೂರುಗಳೆರಡೂ ಒಂದೇ ಕಂಪನಿಯ ಕಾರ್ಖಾನೆಗಳಾಗಿದ್ದವು.

ಕರ್ನಾಟಕದಲ್ಲಿ ಉಳಿದವನ್ನು ನೋಡಬೇಕೆಂದರೆ 1979ರಲ್ಲಿ ಶುರುವಾದ ಮೈಸೂರು ರೈಲು ವಸ್ತುಸಂಗ್ರಹಾಲಯಕ್ಕೆ ಹೋಗಬೇಕು. ಸ್ಟಾಫರ್ಡ್‌ನ ಬ್ಯಾಗ್ನಲ್ ಕಂಪನಿ ತಯಾರಿಸಿದ ಕಿರುಗೇಜಿನ ಎಂಜಿನ್ ಅಲ್ಲಿದೆ. ಹುಬ್ಬಳ್ಳಿಯ ಸಂಗ್ರಹಾಲಯ ತೆರೆದದ್ದು 2020ರಲ್ಲಿ. ಅಲ್ಲಿಯ ಹಳೆಯ ಎರಡು ಮನೆಗಳ ಹೆಸರು ಮಲಪ್ರಭಾ, ಘಟಪ್ರಭಾ.

ಹೊಟಗಿ–ಗದಗ ಮಾರ್ಗ ಬ್ರಾಡ್‌ಗೇಜ್ ಆದಾಗ ಮೀಟರ್ ಗೇಜಿನ ಹಳಿಯ ಜೊತೆಗೆ ಅದರ ಬದುಕೂ ಕಿತ್ತುಹೋಯಿತು. ನೀರಿನ ಕಂಬ, ಕಲ್ಲಿದ್ದಲಿನ ಅಂಗಳ, ಸಿಗ್ನಲ್ ದೀಪಗಳನ್ನು ಬಲ್ಲವರು ಈಗ ಮುಪ್ಪಿನವರು. ಅತ್ತ 2010–11ರಲ್ಲಿ ಮಂಜೂರಾದ ಸುಮಾರು 142 ಕಿ.ಮೀ. ಉದ್ದದ ಬಾಗಲಕೋಟೆ–ಕುಡಚಿ ಮಾರ್ಗ ಖಜ್ಜಿಡೋಣಿ ಮುಟ್ಟಲೇ ವರ್ಷಗಳು ಹಿಡಿದವು. ಭೂಸ್ವಾಧೀನ ಅದರ ಕಾಲಿಗೆ ತೊಡಕಾಯಿತು. ಈ ಹೊಸ ಮಾರ್ಗದ ಸ್ಟೇಷನ್ನುಗಳನ್ನು ಕಟ್ಟುವಾಗಲೇ ಒಂದೊಂದು ಕೋಣೆಯನ್ನು ಹಳೆಯ ದಾಖಲೆಗಳಿಗೆ ಮೀಸಲಿಡಬೇಕು: ಕುಡಚಿಗೆ ಹತ್ತಿ ಹೊಡೆದ ಚಕ್ಕಡಿಯವರ ಮನೆಯ ಲೆಕ್ಕದ ಪುಸ್ತಕ, ರಬಕವಿಯ ನೂಲಿನ ವ್ಯಾಪಾರಿಗಳ ರೈಲ್ವೆ ರಸೀದಿ, ನಿವೃತ್ತ ಫೈರ್‌ಮನ್‌ಗಳ ಮಾತಿನ ಧ್ವನಿಮುದ್ರಣ. ಹುಬ್ಬಳ್ಳಿ ಸಂಗ್ರಹಾಲಯ ಮತ್ತು ಬಾಗಲಕೋಟೆ ಜಿಲ್ಲೆಯ ಕಾಲೇಜುಗಳ ಇತಿಹಾಸ ವಿಭಾಗಗಳು ಸೇರಿ ಈ ಕೆಲಸವನ್ನು ಈಗಲೇ ಎತ್ತಿಕೊಳ್ಳಬಹುದು.